ಕಾಡು ಬಾ ಅಂತಿದೆ, ಟಿಕೆಟ್ ಎಲ್ಲಿ ಅಂತಿದೆ

"ಹಂಗಾದ್ರೆ ಒಟ್ಟು ಎಷ್ಟು ಬಚ್ಚಲು ಬರ್ತದೆ ಸಾರ್?"

ನಮ್ಮ ತಾಲ್ಲೂಕಿನ ಕಂಟ್ರಾಕ್ಟರರು ಈ ಪ್ರಶ್ನೆ ಕೇಳುವಾಗ ಸಭೆ ಶುರುವಾಗಿ ಮುಕ್ಕಾಲು ಗಂಟೆ ಕಳೆದಿತ್ತು. ಬೆಂಗಳೂರಿನಿಂದ ಬಂದ ಕನ್ಸಲ್ಟೆಂಟರು ಅಷ್ಟೂ ಹೊತ್ತು 'ಅರಣ್ಯ ಸ್ನಾನ' ಎಂದು ಪರದೆಯ ಮೇಲೆ ಚಿತ್ರ ತೋರಿಸಿದ್ದರು. ಮರ, ಮಂಜು, ಮರಕ್ಕೊರಗಿ ಕಣ್ಣು ಮುಚ್ಚಿದ ಹೆಂಗಸು, ಮತ್ತೆ ಮರ. ನೀರು ಮಾತ್ರ ಎಲ್ಲೂ ಇಲ್ಲ. ಮಲೆನಾಡಿನವರಿಗೆ ಸ್ನಾನ ಅಂದರೆ ಹಂಡೆ ತುಂಬ ಕುದಿವ ನೀರು, ಕಣ್ಣು ತುಂಬ ಹೊಗೆ. ಹಂಡೆ ಎಲ್ಲಿಡುವುದು ಎಂದು ಕಂಟ್ರಾಕ್ಟರರು ಲೆಕ್ಕ ಹಾಕಿದ್ದರಲ್ಲಿ ತಪ್ಪೇನೂ ಇಲ್ಲ.

ಕನ್ಸಲ್ಟೆಂಟರು ನಕ್ಕು, "ಇದು ನೀರಿಲ್ಲದ ಸ್ನಾನ" ಅಂದರು.

"ಅದನ್ನ ನಮ್ಮೂರಲ್ಲಿ ಏಪ್ರಿಲ್ ಬಂದರೆ ಎಲ್ಲರೂ ಮಾಡ್ತಾರೆ ಮಾರಾಯ್ರೆ" ಎಂದು ಹಿಂದಿನ ಸಾಲಿನಿಂದ ಒಂದು ದನಿ ಬಂತು.

ಸಭೆಯ ಹೆಸರು 'ಅರಣ್ಯ ಕ್ಷೇಮ ಪ್ರವಾಸೋದ್ಯಮ ಅಭಿವೃದ್ಧಿ ಕಾರ್ಯತಂತ್ರ ಪೂರ್ವಭಾವಿ ಸಮಾಲೋಚನೆ'. ಹೆಸರು ಓದಿ ಮುಗಿಸುವಷ್ಟರಲ್ಲಿ ಅರ್ಧ ಕ್ಷೇಮ ಖರ್ಚಾಗುತ್ತದೆ. ನನ್ನನ್ನೂ ಕರೆದಿದ್ದರು, ಸ್ಟೇಕ್‌ಹೋಲ್ಡರ್ ಎಂದು. ಹಾಗಂದರೆ ಪಾಲುದಾರ ಎಂದು ಪಂಚಾಯ್ತಿಯವರು ಬಿಡಿಸಿ ಹೇಳಿದರು. ಪಾಲು ಎಷ್ಟೆಂದು ಸಂಜೆ ಹೊತ್ತಿಗೆ ಗೊತ್ತಾಯಿತು: ಎರಡು ಬಿಸ್ಕತ್ತು, ಒಂದು ಬೋಂಡ, ಅರ್ಧ ಲೋಟ ಕಾಫಿ.

ಸುಳ್ಳು ಹೇಳಬಾರದು, ವಿಚಾರ ಟೊಳ್ಳಲ್ಲ. 1982ರಲ್ಲಿ ಜಪಾನಿನ ಅರಣ್ಯ ಇಲಾಖೆ 'ಶಿನ್ರಿನ್ ಯೋಕು' ಎಂಬ ಮಾತು ಹುಟ್ಟುಹಾಕಿತು. ಶಿನ್ರಿನ್ ಅಂದರೆ ಕಾಡು, ಯೋಕು ಅಂದರೆ ಮೀಯುವುದು. ಆಮೇಲೆ ಅಲ್ಲಿನ ವೈದ್ಯರು ಕಾಡಲ್ಲಿ ತಿರುಗಿ ಬಂದವರ ರಕ್ತದೊತ್ತಡ ಅಳೆದರು, ಒತ್ತಡದ ಹಾರ್ಮೋನು ಅಳೆದರು, ಮರಗಳು ಗಾಳಿಗೆ ಬಿಡುವ ಫೈಟನ್‌ಸೈಡ್ ಎಂಬ ವಸ್ತುಗಳಿಂದ ಏನೇನಾಗುತ್ತದೆ ಎಂದು ನೋಡಿದರು. ಕಾಡು ಸುತ್ತಿದರೆ ಮನಸ್ಸು ಹಗುರಾಗುತ್ತದೆ ಎನ್ನಲು ರಕ್ತಪರೀಕ್ಷೆಯ ರಿಪೋರ್ಟು ಇದ್ದರೆ ಒಳ್ಳೆಯದೇ. ಅಮ್ಮನ ಹತ್ತಿರ ಮಾತಿಗೆ ಮಾತು ಬೆಳೆದಾಗಲೆಲ್ಲ ನಮ್ಮಪ್ಪ ಸೊಂಟಕ್ಕೆ ಕತ್ತಿ ಸಿಕ್ಕಿಸಿ "ಸೊಪ್ಪಿನ ಬೆಟ್ಟಕ್ಕೆ ಹೋಗಿ ಬರ್ತೆ" ಎಂದು ಹೊರಟುಬಿಡುತ್ತಿದ್ದರು. ಎರಡು ಗಂಟೆ ಬಿಟ್ಟು ತಿರುಗಿ ಬಂದರೆ ತಲೆ ಮೇಲೆ ಸೊಪ್ಪಿನ ಹೊರೆ, ಮುಖದಲ್ಲಿ ಬುದ್ಧನ ಕಳೆ. ಅವರಿಗೆ ಹಾರ್ಮೋನು ಇಳಿಯುತ್ತಿತ್ತು ಎಂದು ನನಗೆ ತಿಳಿದದ್ದು ಈ ಸಭೆಯಲ್ಲೇ. ಯೋಜನೆಯ ಕರಡಿನಲ್ಲಿ ಅದಕ್ಕೆ 'ಬೇಸಿಕ್ ಪ್ಯಾಕೇಜ್' ಎಂದು ಹೆಸರಿಟ್ಟಿದ್ದಾರೆ. ಕತ್ತಿ ಇಲ್ಲ, ಹೊರೆ ಇಲ್ಲ, ಜಿಎಸ್‌ಟಿ ಪ್ರತ್ಯೇಕ.

ಮೊದಲ ಕೆಲಸ ಕಾಡು ಆರಿಸುವುದು. ಮಲೆನಾಡಿನಲ್ಲಿ ಕಾಡು ಸಿಗುವುದು ಇಷ್ಟು ಕಷ್ಟವೆಂದು ನಾನು ಎಣಿಸಿರಲಿಲ್ಲ. ನಿಜವಾದ ಕಾನು ಕನ್ಸಲ್ಟೆಂಟರಿಗೆ ಹಿಡಿಸಲಿಲ್ಲ. ಒಳಗೆ ಕತ್ತಲೆ, ಬೆತ್ತದ ಮುಳ್ಳು, ಕಾಲಿಗೆ ತೊಡರುವ ಬಳ್ಳಿ, ಫೋಟೊ ಕಪ್ಪಗೆ ಬರುತ್ತದೆ. ಕೊನೆಗೆ ಅವರು ಮನಸೋತದ್ದು ಟಾರು ರಸ್ತೆ ಪಕ್ಕದ ಅಕೇಶಿಯಾ ನೆಡುತೋಪಿಗೆ. ದಾರ ಹಿಡಿದು ನೆಟ್ಟ ಸಾಲು, ನಡುವೆ ಬೇಕಾದಷ್ಟು ಬೆಳಕು, ಬುಡದಲ್ಲಿ ಒಂದು ಗರಿಕೆಯೂ ಇಲ್ಲ. "ಎಷ್ಟು ಶಾಂತವಾಗಿದೆ!" ಅಂದರಂತೆ. ಶಾಂತವಾಗಿರದೆ ಇನ್ನೇನು, ಕೂಗುವುದಕ್ಕೆ ಅಲ್ಲಿ ಯಾರಿದ್ದಾರೆ? ಆಸ್ಟ್ರೇಲಿಯಾ ಕಡೆಯ ಆ ಮರವನ್ನು ನಮ್ಮ ಗುಡ್ಡಗಳಲ್ಲಿ ಬೆಳೆಸಿದ್ದು ಭದ್ರಾವತಿಯ ಕಾಗದ ಕಾರ್ಖಾನೆಗೆಂದು. ಕಾರ್ಖಾನೆ ನಿಂತು ವರ್ಷಗಳಾದವು, ಅಕೇಶಿಯಾ ಇನ್ನೂ ನಿಂತಿಲ್ಲ. ಅಂದರೆ ಪ್ರವಾಸಿ ಕಣ್ಣು ಮುಚ್ಚಿ ಒರಗಲಿರುವುದು ಕಾಡಿಗಲ್ಲ, ಕಾಗದವಾಗದೆ ಉಳಿದ ನೋಟ್‌ಬುಕ್ಕಿಗೆ.

ಆಮೇಲೆ ಸೀಸನ್ನಿನ ಮಾತು ಬಂತು. ಮಳೆಗಾಲ ಬೇಡವೇ ಬೇಡ, ಇಂಬಳ ಕಾಟ ಎಂದು ನಾವೆಲ್ಲ ಹೇಳಿದೆವು. 'ಗಿಂಬಳ' ಎಂದು ಕೇಳಿಸಿ ಮುಂದಿನ ಸಾಲಿನ ಅಧಿಕಾರಿಯೊಬ್ಬರು ಬೆಚ್ಚಿ ಹಿಂದೆ ತಿರುಗಿದರು. ಎರಡೂ ರಕ್ತ ಹೀರುವವೇ. ಆದರೆ ಇಂಬಳ ಹೊಟ್ಟೆ ತುಂಬಿದ ಮೇಲೆ ತಾನಾಗಿ ಉದುರಿಕೊಳ್ಳುತ್ತದೆ.

ಹಾಗಾಗಿ ನವೆಂಬರಿನಿಂದ ಮೇ ತನಕ ಸೀಸನ್ ಎಂದಾಯಿತು. ಪರದೆಯ ಮೇಲೆ ಆ ತಿಂಗಳುಗಳಿಗೆ ಹಸಿರು ಬಣ್ಣ ಬಳಿದರು. ಅಷ್ಟರಲ್ಲಿ ಬಾಗಿಲ ಹತ್ತಿರ ನಿಂತಿದ್ದ ಆಶಾ ಕಾರ್ಯಕರ್ತೆ ಕೈ ಎತ್ತಿದರು. ಅವರ ಚೀಲದಲ್ಲೂ ಒಂದು ಕ್ಯಾಲೆಂಡರ್ ಇತ್ತು. ಅದೇ ತಿಂಗಳುಗಳು, ಬಣ್ಣ ಮಾತ್ರ ಕೆಂಪು. ಮಂಗನ ಕಾಯಿಲೆಯ ಕ್ಯಾಲೆಂಡರ್.

ಹೊರಗಿನವರಿಗೆ ಇದು ಗೊತ್ತಿರಲಿಕ್ಕಿಲ್ಲ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬೀಳತೊಡಗಿ, ಸುತ್ತಲಿನ ಹಳ್ಳಿಯ ಜನರೂ ಜ್ವರ ಬಂದು ಸತ್ತಾಗ ಗುರುತಿಸಿದ ರೋಗ. ವೈದ್ಯಕೀಯ ಪುಸ್ತಕಗಳಲ್ಲಿ ಇವತ್ತಿಗೂ ಅದಕ್ಕೆ ಆ ಕಾಡಿನದೇ ಹೆಸರು. ಹರಡುವುದು ಉಣುಗು, ದರಗಿನಲ್ಲಿ, ಅಂದರೆ ಉದುರಿದ ಒಣ ಎಲೆಗಳಲ್ಲಿ, ಕೂತಿರುವ ಎಳ್ಳುಕಾಳಿನಷ್ಟು ಪ್ರಾಣಿ. ಈ ರೋಗಕ್ಕೆಂದೇ ಒಂದು ಮದ್ದಿಲ್ಲ. ಇದ್ದ ಲಸಿಕೆಯನ್ನೂ ಪರಿಣಾಮ ಸಾಲದೆಂದು ನಿಲ್ಲಿಸಿದ್ದಾರೆ. ಹಾಗಾಗಿ ಆರೋಗ್ಯ ಇಲಾಖೆಯವರು ಪ್ರತಿ ಚಳಿಗಾಲ ಮನೆಮನೆಗೆ ಬಂದು ಹೇಳುವುದಿಷ್ಟು: ಕಾಡಿಗೆ ಹೋಗಬೇಡಿ. ಹೋಗಲೇಬೇಕಾದರೆ ಉಣುಗು ಹತ್ತದಂತೆ ಕೈಕಾಲಿಗೆ ಡೇಪಾ ಎಣ್ಣೆ ಹಚ್ಚಿ, ಮೈತುಂಬ ಬಟ್ಟೆ ಹಾಕಿ, ದರಗಿನ ಮೇಲೆ ಕೂರಬೇಡಿ, ಬಂದ ಕೂಡಲೇ ಸೋಪು ಹಚ್ಚಿ ಬಿಸಿನೀರು ಸ್ನಾನ ಮಾಡಿ.

"ನೋಡಿ, ನಾ ಹೇಳಲಿಲ್ವಾ, ಬಚ್ಚಲು ಬೇಕೇ ಬೇಕು" ಎಂದು ಕಂಟ್ರಾಕ್ಟರರು ಎದ್ದು ನಿಂತರು.

ಕನ್ಸಲ್ಟೆಂಟರ ಕೈಪಿಡಿಯಲ್ಲಿ ಇದ್ದದ್ದು ಇನ್ನೊಂದು ಬಗೆ. ಬರಿಗಾಲಲ್ಲಿ ನಡೆಯಿರಿ, ಹಗುರ ಬಟ್ಟೆ ತೊಡಿ, ಒಣಗಿದ ಎಲೆಗಳ ಮೇಲೆ ಅಂಗಾತ ಮಲಗಿ, ಭೂಮಿ ನಿಮ್ಮನ್ನು ಮುಟ್ಟಲಿ. ಮುಟ್ಟುವುದು ಯಾವುದೆಂದು ಆಶಾ ಕಾರ್ಯಕರ್ತೆಗೆ ಗೊತ್ತಿತ್ತು. ಅವರು ಅದನ್ನು ಹೇಳಿದರು ಕೂಡ, ಎರಡು ಸಲ. ಸಭೆ ಕೇಳಿತು. ಸಭೆ ಚರ್ಚಿಸಿತು. ಕೊನೆಗೆ ಆದ ನಿರ್ಣಯ ಹೀಗಿದೆ: ಗೇಟಿನ ಎಡಕ್ಕೆ ಆರೋಗ್ಯ ಇಲಾಖೆ 'ಕಾಡಿಗೆ ಹೋಗದಿರಿ' ಎಂಬ ಫಲಕ ಹಾಕತಕ್ಕದ್ದು. ಬಲಕ್ಕೆ ಪ್ರವಾಸೋದ್ಯಮದವರು 'ಕಾಡಿಗೆ ಬನ್ನಿ' ಎಂಬ ಫಲಕ ಹಾಕತಕ್ಕದ್ದು. ಎರಡರ ಅಳತೆಯೂ ಒಂದೇ ಇರತಕ್ಕದ್ದು, ಇಲ್ಲದಿದ್ದರೆ ಇಲಾಖೆಗಳ ನಡುವೆ ಮನಸ್ತಾಪ. ನಮಗೆ ಪುಕ್ಕಟೆ ಹಂಚುವ ಡೇಪಾ ಎಣ್ಣೆಯನ್ನು ಗಾಜಿನ ಬಾಟಲಿಗೆ ಬಗ್ಗಿಸಿ, 'ವನಸ್ಪರ್ಶ ತೈಲ' ಎಂದು ಚೀಟಿ ಅಂಟಿಸಿ ಅತಿಥಿಗಳ ಸ್ವಾಗತದ ಬುಟ್ಟಿಯಲ್ಲಿ ಇಡುವುದು. ಜ್ವರ ಬಂದರೆ? ಆಸ್ಪತ್ರೆ ಇದೆಯಲ್ಲ ಅಂದರು. ಇದೆ. 2018ರ ಯೋಜನೆಯಲ್ಲಿ ಅದಕ್ಕೆ ವೆಲ್‌ನೆಸ್ ಸೆಂಟರ್ ಎಂದು ಬೋರ್ಡು ಬಂತು, 2023ರಲ್ಲಿ ಆಯುಷ್ಮಾನ್ ಆರೋಗ್ಯ ಮಂದಿರ ಎಂದು ಇನ್ನೊಂದು ಬೋರ್ಡು ಬಂತು. ಡಾಕ್ಟರು ಬರುವುದು ವಾರಕ್ಕೆರಡು ದಿನ. ಸದ್ಯಕ್ಕೆ ಬೋರ್ಡು ಬರೆಯುವವನ ಆರೋಗ್ಯ ಮಾತ್ರ ಚೆನ್ನಾಗಿದೆ.

ಪ್ಯಾಕೇಜಿನಲ್ಲಿ ಅತಿ ದುಬಾರಿ ಯಾವುದು ಗೊತ್ತೇ? 'ಡಿಜಿಟಲ್ ಡಿಟಾಕ್ಸ್'. ಮೂರು ದಿನ ಮೊಬೈಲಿಗೆ ಸಿಗ್ನಲ್ ಇರುವುದಿಲ್ಲ, ಅದಕ್ಕೆ ದುಡ್ಡು. ನಾವೇನು ಪೆದ್ದರು ಮಾರಾಯ್ರೆ! ಕೊರೊನಾ ಕಾಲದಲ್ಲಿ ಈ ಕಡೆಯ ಮಕ್ಕಳು ಪಾಠ ಕೇಳಲು ಗುಡ್ಡ ಹತ್ತಿ, ಮಳೆಯಲ್ಲಿ ಕೊಡೆ ಹಿಡಿದು ಕೂತವು. 'ನೋ ನೆಟ್‌ವರ್ಕ್ ನೋ ವೋಟಿಂಗ್' ಎಂದು ಊರೂರಲ್ಲಿ ಬ್ಯಾನರ್ ಕಟ್ಟಿದರು. ಅದು ತೊಂದರೆಯಲ್ಲ, ಚಿಕಿತ್ಸೆ ಎಂದು ಆವತ್ತು ಯಾರೂ ಹೇಳಲೇ ಇಲ್ಲ. ಈಗ ಟವರ್ ಕೇಳಿದರೆ "ಡೆಸ್ಟಿನೇಶನ್ ಕೆಡುತ್ತೆ" ಅನ್ನುತ್ತಾರೆ. ಟಿಕೆಟ್ ಮಾತ್ರ ಆನ್‌ಲೈನ್. ಗೇಟಿನ ಹತ್ತಿರ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಬೇಕು. ಸಿಗ್ನಲ್ ಸಿಗದಿದ್ದರೆ ಅದೇ ಗುಡ್ಡ ಹತ್ತಬಹುದು, ಅದಕ್ಕೆ 'ಟ್ರೆಕ್ಕಿಂಗ್' ಎಂದು ಬೇರೆ ದರ.

ಹೀಗೆ ನಮ್ಮ ಕುಂದುಕೊರತೆಯ ಪಟ್ಟಿಯೇ ಅವರ ಆಕರ್ಷಣೆಯ ಪಟ್ಟಿಯಾಗಿ ತಿರುಗಿತು. ನಾವು ಅರ್ಜಿ ಕೊಟ್ಟು ಕೊಟ್ಟು ಸುಸ್ತಾದ ಕಾಲುಸಂಕ, ಅಡಿಕೆ ದಬ್ಬೆ ಕಟ್ಟಿದ್ದು, 'ಸಾಹಸ ಸೇತುವೆ' ಆಯಿತು. ರಾತ್ರಿಯೆಲ್ಲ ಕರೆಂಟಿಲ್ಲದ್ದು 'ನಕ್ಷತ್ರ ವೀಕ್ಷಣೆ'. ರಸ್ತೆಯಿಲ್ಲದೆ ಬಸುರಿಯನ್ನು ಕಂಬಳಿ ಜೋಲಿಯಲ್ಲಿ ಹೊತ್ತು ತರುವುದಕ್ಕೆ ಏನು ಹೆಸರಿಡುತ್ತಾರೋ ಎಂದು ಕಾಯುತ್ತಿದ್ದೆ, ಪುಣ್ಯಕ್ಕೆ ಅಷ್ಟರಲ್ಲಿ ಕಾಫಿ ಬಂತು.

ಅಂದಾಜುಪಟ್ಟಿ ನೋಡಿದವರಿಗೆ ಹೊಸದೇನೂ ಕಾಣದು. ಸ್ವಾಗತ ಕಮಾನು, ಇಂಟರ್‌ಲಾಕ್ ಟೈಲ್ಸ್, ಹೈಮಾಸ್ಟ್ ದೀಪ, 'ಐ ಲವ್' ಬರೆದ ಸೆಲ್ಫಿ ಪಾಯಿಂಟ್, ಸಿಮೆಂಟಿನಲ್ಲಿ ಮಾಡಿದ ಮರದ ಬೊಡ್ಡೆಯಂಥ ಕಸದಬುಟ್ಟಿ. ನಮ್ಮ ರಾಜ್ಯದಲ್ಲಿ ಕೆರೆಗೆ, ಕೋಟೆಗೆ, ದೇವಸ್ಥಾನಕ್ಕೆ, ಸ್ಮಶಾನಕ್ಕೆ ಎಲ್ಲದಕ್ಕೂ ಇದೇ ಕಷಾಯ. ಸಿಮೆಂಟಿನ ಕೃತಕ ಮರ ನಿಲ್ಲಿಸಲು ಆರು ನಂದಿ ಮರ ಅಡ್ಡ ಬರುತ್ತವಂತೆ, ತೆರವಿಗೆ ಪತ್ರ ಬರೆದಿದ್ದಾರೆ.

ಯಾರೋ ಶರಾವತಿ ಕಣಿವೆಯ ಮಾತು ತೆಗೆದರು. ಸಿಂಗಳೀಕ ಅಭಯಾರಣ್ಯದ ನೆಲದಡಿಗೆ ಸುರಂಗ ಕೊರೆದು, ತಳಕಳಲೆಗೂ ಗೇರುಸೊಪ್ಪೆಗೂ ನಡುವೆ ನೀರು ಇಳಿಸಿ ಹತ್ತಿಸುವ 2000 ಮೆಗಾವಾಟ್ ಯೋಜನೆ ಇದೆಯಲ್ಲ, ಅದೂ ಕಾಡೇ ತಾನೆ? ವೇದಿಕೆಯಲ್ಲಿದ್ದ ಸಾಹೇಬರು, "ಅದು ಇಂಧನ ಇಲಾಖೆ ವಿಷಯ, ಇಲ್ಲಿ ಬೇಡ" ಅಂದರು. ಪಶ್ಚಿಮ ಘಟ್ಟ ಉಳಿಸುವ ಬಗ್ಗೆ ಬಂದ ಕಸ್ತೂರಿರಂಗನ್ ವರದಿಯನ್ನು 2024ರ ಸೆಪ್ಟೆಂಬರಿನಲ್ಲಿ ರಾಜ್ಯ ಸಂಪುಟ ತಿರಸ್ಕರಿಸಿದ್ದು ಕಂದಾಯ, ಅರಣ್ಯ, ರಾಜಕೀಯ ಎಲ್ಲ ಕೂಡಿದ ವಿಷಯ, ಅದೂ ಬೇಡ. ಪಶ್ಚಿಮ ಘಟ್ಟಕ್ಕೆ 2012ರಲ್ಲಿ ಯುನೆಸ್ಕೊ ಕೊಟ್ಟ ವಿಶ್ವ ಪರಂಪರೆಯ ಬಿರುದು ಮಾತ್ರ ಪ್ರವಾಸೋದ್ಯಮದ ವಿಷಯ, ಅದು ಮೊದಲ ಚಿತ್ರದಲ್ಲೇ ಇತ್ತು.

ಹಾಗೆಂದು ನಾವೇನು ಸಾಚಾಗಳಲ್ಲ. ನನ್ನ ತೋಟದ ಬೇಲಿಯೂ ಪ್ರತಿ ವರ್ಷ ರಿಪೇರಿಯಾಗುವಾಗ ಒಂದು ಗಜ ಕಾನಿನ ಕಡೆಗೇ ಒಲಿಯುತ್ತದೆ, ಈ ಕಡೆ ಯಾವತ್ತೂ ಒಲಿದಿಲ್ಲ. ಹೋಮ್‌ಸ್ಟೇ ಮಾಡಿದ ನಮ್ಮ ನೆಂಟರ ಮನೆಯಲ್ಲಿ ಶನಿವಾರ ರಾತ್ರಿ ಹಾಕುವ ಹಾಡಿಗೆ ಜೀರುಂಡೆಗಳು ಕೂಗುವುದನ್ನೇ ಬಿಟ್ಟಿವೆ. ಸಭೆಯಲ್ಲಿ 'ಮೌನ ವಲಯ' ಬೇಕು ಎಂದು ಎಲ್ಲರಿಗಿಂತ ಗಟ್ಟಿಯಾಗಿ ಕೂಗಿದ್ದು ಅವರೇ.

ಘೋಷವಾಕ್ಯ ಕನ್ನಡದಲ್ಲೇ ಇರಬೇಕು ಎಂದು ಸಾಹೇಬರು ಹಟ ಹಿಡಿದದ್ದು ಮೆಚ್ಚತಕ್ಕದ್ದು. ಕನ್ಸಲ್ಟೆಂಟರ ಜೊತೆ ಬಂದ ಹುಡುಗ ಎಲ್ಲಿಂದಲೋ ಹೆಕ್ಕಿ ತಂದ: 'ಕಾಡು ಬಾ ಅಂತಿದೆ!' ಚಪ್ಪಾಳೆ ಬಿತ್ತು. ಆ ಗಾದೆಗೆ ಮೊದಲ ಅರ್ಧವೊಂದಿದೆ, 'ಊರು ಹೋಗು ಅಂತಿದೆ' ಎಂದು. ಇವತ್ತೋ ನಾಳೆಯೋ ಎಂದು ಹಾಸಿಗೆ ಹಿಡಿದವರ ಬಗ್ಗೆ ಆಡುವ ಮಾತು. ಅಲ್ಲಿ ಕಾಡು ಅಂದರೆ ಸುಡುಗಾಡು. ಹೇಳೋಣ ಎಂದು ಬಾಯಿ ತೆರೆದೆ. ಬೋಂಡ ಬಂತು, ಬಾಯಿಗೆ ಬೇರೆ ಕೆಲಸ ಸಿಕ್ಕಿತು. ಉಣುಗಿನ ವಿಚಾರ ನೆನೆದರೆ ಘೋಷವಾಕ್ಯ ಅಷ್ಟೇನೂ ತಪ್ಪಿಲ್ಲ.

ಕೊನೆಗೆ ಬಣ್ಣದ ಕಿರುಪುಸ್ತಕ ಹಂಚಿದರು. ಮುಖಪುಟದಲ್ಲಿ ನಮ್ಮೂರ ಅಜ್ಜ! ಹೆಗಲಿಗೆ ಕಂಬಳಿ, ತಲೆಗೆ ಹಾಳೆ ಟೊಪ್ಪಿ, ಹಿಂದೆ ಮಂಜು. ಅಜ್ಜನನ್ನು 'ಕಾನನ ಗುರು' ಎಂದು ನೇಮಿಸುತ್ತಾರಂತೆ. ಪ್ರವಾಸಿಗಳಿಗೆ ಎರಡು ಗಂಟೆ ಸುಮ್ಮನೆ ಕೂರುವುದನ್ನು ಹೇಳಿಕೊಡುವ ಕೆಲಸ. ಅಜ್ಜ ಆ ವಿದ್ಯೆಯಲ್ಲಿ ಪಳಗಿದವರೇ, ತಾಲ್ಲೂಕು ಕಚೇರಿಯ ಬೆಂಚಿನ ಮೇಲೆ ಹದಿನೈದು ವರ್ಷ ಅಭ್ಯಾಸ ಮಾಡಿದ್ದಾರೆ.

ಅವರದು ಒಂದು ಎಕರೆ ಹತ್ತು ಗುಂಟೆ. 2006ರ ಅರಣ್ಯ ಹಕ್ಕು ಕಾಯ್ದೆಯಲ್ಲಿ ಅರ್ಜಿ ಹಾಕಿದರು, ತಿರಸ್ಕಾರವಾಯಿತು. ಬುಡಕಟ್ಟಿನವರಲ್ಲದ ಪಾರಂಪರಿಕ ಅರಣ್ಯವಾಸಿಗಳಾದರೆ 2005ರ ಡಿಸೆಂಬರ್ 13ಕ್ಕೆ ಹಿಂದಿನ ಮೂರು ತಲೆಮಾರು, ಅಂದರೆ 75 ವರ್ಷ, ಇಲ್ಲೇ ಇದ್ದೆವೆಂದು ರುಜುವಾತು ಮಾಡಬೇಕು. 1930ರ ಲೆಕ್ಕ. ಅಜ್ಜ ಹುಟ್ಟಿದ್ದೇ ಆಮೇಲೆ. ಅವರಪ್ಪನ ಹತ್ತಿರ ಕತ್ತಿ ಇತ್ತು, ಕೊಡಲಿ ಇತ್ತು, ಕಾಗದ ಇರಲಿಲ್ಲ. ಊರ ಹಿರಿಯರ ಹೇಳಿಕೆಯೂ ಸಾಕ್ಷಿಯಾಗುತ್ತದೆ ಎಂದು ನಿಯಮದಲ್ಲೇ ಇದೆ. ಆದರೆ ಹೇಳಿಕೆ ಕೊಡುವ ಹಿರಿಯರು ಅರ್ಜಿದಾರರಾಗಿರಬಾರದು. ನಮ್ಮೂರಲ್ಲಿ ಉಳಿದಿರುವ ಹಿರಿಯ ಅಜ್ಜ ಒಬ್ಬರೇ.

ಅಜ್ಜ ಕಿರುಪುಸ್ತಕ ನನ್ನ ಕೈಗೆ ಕೊಟ್ಟು "ಎಂತ ಬರೆದಿದಾರೆ ಓದು ತಮ್ಮಾ" ಅಂದರು. ಮೇಲೆ ಗಂಡಭೇರುಂಡದ ಸರ್ಕಾರಿ ಲಾಂಛನ. ಕೆಳಗೆ: 'ನೂರು ವರ್ಷಗಳಿಂದ ಈ ಕಾಡಿನ ಉಸಿರಿಗೆ ಉಸಿರು ಕೂಡಿಸಿ ಬಾಳಿದ ಮನೆತನದ ಹಿರಿಯರು.' ಅಜ್ಜ ಇನ್ನೊಮ್ಮೆ ಓದಿಸಿದರು. 'ನೂರು ವರ್ಷ' ಎಂದಿರುವಲ್ಲಿ ಬೆರಳಿಡಲು ಹೇಳಿದರು. ಆಮೇಲೆ ಎದ್ದು ಸೀದಾ ವೇದಿಕೆಗೆ ಹೋದರು.

"ಸ್ವಾಮೀ, ಇದರಡಿಗೆ ಒಂದು ಸೈನು, ಒಂದು ಸೀಲು ಹಾಕಿ ಕೊಡಿ. ಮೇಲ್ಮನವಿಗೆ ಲಗತ್ತಿಸ್ತೆ."

ಸಾಹೇಬರು ಪುಸ್ತಕ ನೋಡಿದರು, ಲಾಂಛನ ನೋಡಿದರು, ಅಜ್ಜನನ್ನು ನೋಡಿದರು. ನಂತರ ಕನ್ಸಲ್ಟೆಂಟರ ಕಡೆ ವಾಲಿ, ಮೈಕ್ ಆಫ್ ಆಗಿದೆ ಎಂದುಕೊಂಡು ಹೇಳಿದರು: "ಮುಂದಿನ ಪ್ರಿಂಟಲ್ಲಿ ನೂರು ವರ್ಷ ಅನ್ನೋದನ್ನ 'ಬಹುಕಾಲ' ಅಂತ ಮಾಡಿಬಿಡಿ. ಹಂಚಿದ್ದೆಲ್ಲ ವಾಪಸ್ ತಗೊಳ್ಳಿ."

ಹುಡುಗ ಸಾಲಿನಿಂದ ಸಾಲಿಗೆ ಓಡಾಡಿ ಪುಸ್ತಕಗಳನ್ನು ಒಟ್ಟು ಮಾಡಿದ. ಎಣಿಸಿದ. ಒಂದು ಕಡಿಮೆ ಬಂತು. ಅಜ್ಜ ಆಗಲೇ ಕವಳದ ಸಂಚಿಯ ಬಾಯಿಗೆ ಗಂಟು ಹಾಕಿ, ಮೆಟ್ಟಿಲಿಳಿದು, ಬಸ್ಸಿಗೆ ನಡೆದಿದ್ದರು.