ಟೋಕನ್ ಕೊಡುವ ಮೊದಲೇ ವಕೀಲರಿಗೆ ತೋರಿಸಿ

ಸೈಟಿಗೆ ದುಡ್ಡು ಹಾಕುವವರಲ್ಲಿ ಬಹಳಷ್ಟು ಜನ ವಕೀಲರ ಮನೆ ಬಾಗಿಲಿಗೆ ಹೋಗುವುದು ಒಂದೋ ಕ್ರಯಪತ್ರ ಬರೆಸುವಾಗ, ಇಲ್ಲವೇ ಕೋರ್ಟಿನಿಂದ ನೋಟಿಸ್ ಬಂದಾಗ. ಎರಡೂ ತಡವೇ. ಹೋಗಬೇಕಾದದ್ದು ಟೋಕನ್ ಅಡ್ವಾನ್ಸ್ ಕೊಡುವ ಮೊದಲು, ಕೈಯಲ್ಲಿ ಬರೀ ಜೆರಾಕ್ಸ್ ಕಾಗದಗಳಿರುವಾಗ. "ನಾಳೆ ಇನ್ನೊಂದು ಪಾರ್ಟಿ ಬರ್ತಿದೆ, ಇವತ್ತೇ ಟೋಕನ್ ಹಾಕ್ಬಿಡಿ" ಅಂತ ಬ್ರೋಕರ್ ಅವಸರ ಮಾಡುತ್ತಾನಲ್ಲ, ಆ ಘಳಿಗೆಯೇ ಅದು. ಒಮ್ಮೆ ಎರಡು ಲಕ್ಷ ಕೊಟ್ಟುಬಿಟ್ಟರೆ ವಕೀಲರು ಬೇಡ ಅಂದರೂ ಕಿವಿಗೆ ಬೀಳುವುದಿಲ್ಲ. ಹೂಂ ಅನ್ನುವ ಇನ್ನೊಬ್ಬರನ್ನು ಹುಡುಕಿಕೊಂಡು ಹೋಗುತ್ತೇವೆ.

ನಾನು ಬ್ಯಾಂಕಿನಲ್ಲಿ ಗೃಹಸಾಲದ ಕೆಲಸ ನೋಡಿದವಳು. "ಬ್ಯಾಂಕೇ ಲೋನ್ ಕೊಡ್ತಿದೆಯಲ್ಲ ಮೇಡಂ, ಇನ್ನೇನು ನೋಡೋದು?" ಅನ್ನುವ ಮಾತನ್ನು ದಿನಾ ಕೇಳುತ್ತಿದ್ದೆ. ಬ್ಯಾಂಕಿನ ಪ್ಯಾನಲ್ ವಕೀಲರು ಕಾಗದ ನೋಡುವುದು ಬ್ಯಾಂಕಿನ ಸಾಲ ಸುರಕ್ಷಿತವೇ ಅಂತ, ನಿಮ್ಮ ಸಲುವಾಗಿ ಅಲ್ಲ. ಜಾಗ ಕೈತಪ್ಪಿದರೂ ಕಂತು ನಿಲ್ಲುವುದಿಲ್ಲ, ಸಂಬಳದಿಂದ ಕಟ್ಟುತ್ತಲೇ ಇರಬೇಕು. ಬಿಲ್ಡರ್ ತೋರಿಸಿದ ವಕೀಲರೂ ಅಷ್ಟೇ, ಅವರು ಬಿಲ್ಡರ್ ಕಡೆಯವರು.

ಇನ್ನು ಇ.ಸಿ., ಅಂದರೆ ಆಸ್ತಿಯ ಋಣಭಾರ ಪ್ರಮಾಣಪತ್ರದ ಮೇಲಿನ ನಂಬಿಕೆ. ಅದರಲ್ಲಿ ಬರುವುದು ಸಬ್‌ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಣಿಯಾದ ವ್ಯವಹಾರ ಮಾತ್ರ. ನೋಂದಣಿಯಾಗದ ಉಯಿಲು, ಬಿಳಿ ಹಾಳೆಯ ಕರಾರು, ಅಕ್ಕತಂಗಿಯರು ಹಾಕಿರುವ ಪಾಲಿನ ದಾವೆ ಅದರಲ್ಲಿ ಸಿಗುವುದಿಲ್ಲ. ಹಿಂದೂ ಕುಟುಂಬದ ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೆ ಹುಟ್ಟಿನಿಂದಲೇ ಮಗನಷ್ಟೇ ಹಕ್ಕು, ಹಿಂದೂ ಉತ್ತರಾಧಿಕಾರ ಕಾಯ್ದೆಗೆ 2005ರಲ್ಲಿ ತಿದ್ದುಪಡಿಯಾದ ದಿನ ತಂದೆ ಬದುಕಿರಲೇಬೇಕೆಂದಿಲ್ಲ ಎಂದು ವಿನೀತಾ ಶರ್ಮಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2020ರಲ್ಲಿ ಹೇಳಿದೆ. ವಂಶವೃಕ್ಷದಲ್ಲಿ ಹೆಣ್ಣುಮಕ್ಕಳ ಹೆಸರೇ ಬಿಟ್ಟುಹೋಗಿದ್ದರೆ ನಾಳೆ ಅವರು ಬಂದು ಕೇಳುವುದು ನ್ಯಾಯವೇ.

ನನ್ನ ಮನಸ್ಸಿನಲ್ಲಿ ಉಳಿದಿರುವುದು ತುಮಕೂರು ರಸ್ತೆಯ ಕಡೆ ಸೈಟು ನೋಡಿದ್ದ ಒಂದು ದಂಪತಿಯ ಫೈಲು. ಇ.ಸಿ. ಶುದ್ಧ, ಪಹಣಿ ಮಾರುವವರ ಹೆಸರಿನಲ್ಲೇ, ಭೂಪರಿವರ್ತನೆಯ ಆದೇಶವೂ ಇತ್ತು. ಅವರು ತಾವಾಗಿ ಕಾಗದ ತೋರಿಸಿದ ಹಿರಿಯ ವಕೀಲರೊಬ್ಬರು ಮೂಲಪತ್ರ (ಜಮೀನು ಮೊದಲು ಯಾರಿಗೆ, ಹೇಗೆ ಬಂತು ಅನ್ನುವ ಹಳೆಯ ಪತ್ರ) ತರಿಸಿ, ಕೈಬರಹದ ಮಸುಕು ಸಾಲುಗಳನ್ನು ಬೆರಳಿಟ್ಟು ಓದಿದಾಗ ಒಂದು ಕಡೆ "ಸಾಗುವಳಿ ಚೀಟಿ" ಅಂತಿತ್ತು. ಜಮೀನು ಮಂಜೂರಾದಾಗ ಸರ್ಕಾರ ಕೊಡುವ ಪತ್ರ ಅದು. ಅಂದರೆ ಇದು ಸರ್ಕಾರ ದಲಿತ ಕುಟುಂಬಕ್ಕೆ ಮಂಜೂರು ಮಾಡಿದ ಜಮೀನು. ಪಿ.ಟಿ.ಸಿ.ಎಲ್. ಅಂತ ಕರೆಯುವ 1978ರ ಕಾಯ್ದೆಯ ಪ್ರಕಾರ ಅಂಥ ಜಮೀನನ್ನು ಸರ್ಕಾರದ ಪೂರ್ವಾನುಮತಿ ಇಲ್ಲದೆ ಮಾರಿದರೆ ಆ ಮಾರಾಟವೇ ಅಸಿಂಧು. ನಾಲ್ಕು ಕೈ ಬದಲಾಗಿದ್ದರೂ ಉಪವಿಭಾಗಾಧಿಕಾರಿ ಅದನ್ನು ಮೂಲ ಮಂಜೂರುದಾರರ ವಾರಸುದಾರರಿಗೆ ವಾಪಸ್ ಕೊಡಿಸಬಹುದು. ವಾಪಸ್ ಕೇಳುವುದಾದರೆ ಸಮಂಜಸ ಅವಧಿಯೊಳಗೆ ಕೇಳಬೇಕು ಎಂದು ಸುಪ್ರೀಂ ಕೋರ್ಟ್ 2017ರಲ್ಲಿ ಹೇಳಿತ್ತು. ಕಾಲಮಿತಿ ಇಲ್ಲವೆಂದು ರಾಜ್ಯ 2023ರಲ್ಲಿ ಕಾಯ್ದೆಯನ್ನೇ ತಿದ್ದಿತು. ಒಂದು ನಿರ್ದಿಷ್ಟ ಜಮೀನಿಗೆ ಇದು ಹೇಗೆ ಅನ್ವಯಿಸುತ್ತದೆ ಅನ್ನುವುದನ್ನು ಬ್ರೋಕರ್ ಹೇಳಲಾರ.

ಈ ಕಾಯ್ದೆಯನ್ನು ಬೈಯುವವರನ್ನು ಕಂಡರೆ ನನಗೆ ಬೇಸರ. ಬಡವರ ಕೈಯಿಂದ ಪುಡಿಗಾಸಿಗೆ ಜಮೀನು ಬರೆಸಿಕೊಂಡ ಚರಿತ್ರೆ ನಮ್ಮ ಕಣ್ಣ ಮುಂದೆಯೇ ಇದೆ. ಕೊಳ್ಳುವ ನಾವು ವಿಚಾರಿಸದೆ ಕೊಂಡರೆ ಅದಕ್ಕೆ ಕೈಜೋಡಿಸಿದಂತೆಯೇ. ಆ ದಂಪತಿ ಆ ಸೈಟು ಬಿಟ್ಟರು.

ಕ್ರಯಪತ್ರವಿಲ್ಲದೆ ಬರೀ ಜಿ.ಪಿ.ಎ. (ಸಾಮಾನ್ಯ ಅಧಿಕಾರ ಪತ್ರ) ಮೇಲೆ ಸೈಟು ಸಿಗುತ್ತದೆ ಅಂದರೆ ಅಲ್ಲಿಗೇ ನಿಲ್ಲಿಸಿ. ಅದರಿಂದ ಮಾಲೀಕತ್ವ ಬರುವುದಿಲ್ಲವೆಂದು ಸುಪ್ರೀಂ ಕೋರ್ಟ್ 2011ರಲ್ಲೇ ಸ್ಪಷ್ಟಪಡಿಸಿದೆ. ಫ್ಲ್ಯಾಟ್ ಆದರೆ, ನೋಂದಾಯಿತ ಕರಾರಿಲ್ಲದೆ ಬಿಲ್ಡರ್ ಶೇ. 10ಕ್ಕಿಂತ ಹೆಚ್ಚು ಮುಂಗಡ ತೆಗೆದುಕೊಳ್ಳುವಂತಿಲ್ಲ, ರಿಯಲ್ ಎಸ್ಟೇಟ್ ನಿಯಂತ್ರಣದ ರೇರಾ ಕಾಯ್ದೆ ಹಾಗೆ ಹೇಳುತ್ತದೆ. ಹೊರದೇಶದಲ್ಲಿದ್ದು ಊರಲ್ಲಿರುವ ತಮ್ಮನ ಮೂಲಕ ಕೊಳ್ಳುವವರಿಗಂತೂ ಇದೆಲ್ಲ ಇನ್ನೂ ಹೆಚ್ಚು ಮುಖ್ಯ. ಅವರು ಕಾಗದವನ್ನೂ ನೋಡಿರುವುದಿಲ್ಲ, ಜಾಗವನ್ನೂ ನೋಡಿರುವುದಿಲ್ಲ.

ಬ್ರೋಕರ್ ಕಮಿಷನ್‌ಗೆ ಚೌಕಾಸಿ ಮಾಡದವರು ವಕೀಲರ ಫೀಸಿಗೆ ಯಾಕೆ ಹಿಂದೆಮುಂದೆ ನೋಡುತ್ತಾರೋ. ಅಭಿಪ್ರಾಯವನ್ನು ಬಾಯಿಮಾತಿನಲ್ಲಿ ಬೇಡ, ನಿಮ್ಮ ಹೆಸರಿಗೆ ಬರಹದಲ್ಲೇ ಕೇಳಿ. ಯಾವ ಯಾವ ಕಾಗದ ನೋಡಿದರು, ಯಾವುದು ಸಿಗಲಿಲ್ಲ ಅನ್ನುವುದೂ ಅದರಲ್ಲಿರಲಿ. ಮೂಲಪತ್ರದ ಜೆರಾಕ್ಸ್ ಬೇಕಾದರೆ ಮೊದಲು ಅಡ್ವಾನ್ಸ್ ಕೊಡಿ ಎಂದು ಮಾರುವವರು ಪಟ್ಟು ಹಿಡಿದರೆ ವಕೀಲರ ತನಕವೂ ಹೋಗಬೇಕಿಲ್ಲ, ಅಲ್ಲಿಂದಲೇ ಎದ್ದು ಬನ್ನಿ.