ಹಿಟ್ಟಿಲ್ಲದ ಹಿಟ್‌ಗಳು

ಶುಕ್ರವಾರ ಬೆಳಗಿನ ಆಟದ ಇಂಟರ್ವಲ್ಲೇ ಇನ್ನೂ ಬಿಟ್ಟಿರುವುದಿಲ್ಲ, ಗಾಂಧಿನಗರದ ವಾಟ್ಸ್ಆ್ಯಪ್ ಗುಂಪುಗಳಿಗೆ ಪೋಸ್ಟರ್ ಬಂದು ಬೀಳುತ್ತದೆ: ‘ರಾಜ್ಯಾದ್ಯಂತ ಅಭೂತಪುರ್ವ ಪ್ರತಿಕ್ರಿಯೆ! ಬ್ಲಾಕ್‌ಬಸ್ಟರ್ ಹಿಟ್!’ ತೆರೆಯ ಮೇಲೆ ನಾಯಕ ಇನ್ನೂ ಮೊದಲ ಫೈಟ್ ಮುಗಿಸಿ ಬೆವರು ಒರೆಸಿಕೊಂಡಿರುವುದಿಲ್ಲ. ಇದರಲ್ಲಿ ಆಶ್ಚರ್ಯವೇನೂ ಇಲ್ಲ. ಪೋಸ್ಟರ್ ಮಂಗಳವಾರವೇ ಸಿದ್ಧವಾಗಿತ್ತು. ಮೂರು ದಿನ ಸಿಕ್ಕಿದ್ದರೂ ‘ಅಭೂತಪೂರ್ವ’ವನ್ನು ತಿದ್ದಲು ಯಾರಿಗೂ ಪುರುಸೊತ್ತಾಗಿರಲಿಲ್ಲ, ಅಷ್ಟೆ.

ಹಾಗಂತ ಅದನ್ನು ಸುಳ್ಳು ಎನ್ನುವಂತಿಲ್ಲ. ಇಂಗ್ಲಿಷಿನ ವ್ಯಾಕರಣವೇ ನಿರ್ಮಾಪಕರ ಪರ ವಕಾಲತ್ತು ವಹಿಸುತ್ತದೆ. ಹಿಟ್ ಎಂಬ ಕ್ರಿಯಾಪದ ವರ್ತಮಾನದಲ್ಲೂ ಹಿಟ್, ಭೂತಕಾಲದಲ್ಲೂ ಹಿಟ್. ಹೊಡೆದದ್ದೋ ಹೊಡೆಯುವುದೋ ಎಂದು ಪದ ನೋಡಿ ಹೇಳಲಾಗದು. ಇಂಥ ಅನುಕೂಲ ಕನ್ನಡದಲ್ಲಿಲ್ಲ. ‘ಗೆದ್ದಿತು’ ಎಂದರೆ ಯಾವಾಗ, ಎಲ್ಲಿ, ಎಷ್ಟಕ್ಕೆ ಎಂದು ಕೇಳುವವರು ಹುಟ್ಟಿಕೊಳ್ಳುತ್ತಾರೆ. ‘ಓಡಿತು’ ಎಂದರೆ ಎಷ್ಟು ವಾರ ಎನ್ನುತ್ತಾರೆ. ಹಿಟ್‌ಗೆ ಆ ಕಾಟವಿಲ್ಲ.

ಪದದ ಮೂಲ ಹುಡುಕಿದರೆ ಮಾತ್ರ ವಕೀಲರು ಸ್ವಲ್ಪ ತಡವರಿಸಬೇಕಾಗುತ್ತದೆ. ಇದು ಇಂಗ್ಲಿಷರ ಸ್ವಂತ ಆಸ್ತಿಯಲ್ಲ. ದೋಣಿ ಹತ್ತಿ ಬಂದ ವೈಕಿಂಗರು ಇಂಗ್ಲೆಂಡಿನಲ್ಲಿ ಬಿಟ್ಟುಹೋದದ್ದು. ಅವರ ಹಳೆಯ ನಾರ್ಸ್ ಭಾಷೆಯಲ್ಲಿ ‘ಹಿಟ್ಟಾ’ ಎಂದರೆ ಎದುರಾಗುವುದು, ಕಣ್ಣಿಗೆ ಬೀಳುವುದು. ಸ್ವೀಡನ್ನಿನವರು ಇಂದಿಗೂ ಕಳೆದ ಬೀಗದಕೈ ಸಿಕ್ಕಿದರೆ ‘ಹಿಟ್ಟಾ’ ಎಂಬ ಕ್ರಿಯಾಪದವನ್ನೇ ಬಳಸುತ್ತಾರೆ. ಹೊಡೆತದ ಅರ್ಥ ಇಂಗ್ಲಿಷಿನಲ್ಲಿ ಬೆಳೆಯಿತು; ನಾಟಕ ಗೆದ್ದಿತು ಎಂಬ ಅರ್ಥ ಬಂದದ್ದು 19ನೇ ಶತಮಾನದ ಆರಂಭದಲ್ಲಿ. ಮೂಲದ ಪ್ರಕಾರ ನೋಡಿದರೆ, ಪ್ರೇಕ್ಷಕ ಎಲ್ಲಾದರೂ ಸಿಕ್ಕರೆ ಅದು ಹಿಟ್. ನಮ್ಮಲ್ಲಿ ಹುಡುಕಾಟ ಇನ್ನೂ ಜಾರಿಯಲ್ಲಿದೆ.

ಬ್ಲಾಕ್‌ಬಸ್ಟರ್‌ನ ಜಾತಕ ಇನ್ನೂ ಸೊಗಸು. ಟಿಕೆಟ್ಟಿನ ಸಾಲು ಬೀದಿಯ ಮೂಲೆ ತಿರುಗಿ ಹೋಗುತ್ತಿದ್ದುದರಿಂದ ಆ ಹೆಸರು ಬಂತು ಎಂಬ ಕತೆಯನ್ನು ಸಕ್ಸಸ್ ಮೀಟ್‌ಗಳಲ್ಲಿ ಹೇಳುವವರಿದ್ದಾರೆ. ಕಟ್ಟುಕತೆ. ಅದು ಎರಡನೇ ಮಹಾಯುದ್ಧದಲ್ಲಿ ಬ್ರಿಟನ್ನಿನ ವಾಯುಪಡೆ 1941ರಿಂದ ಜರ್ಮನಿಯ ಊರುಗಳ ಮೇಲೆ ಹಾಕುತ್ತಿದ್ದ 4,000 ಪೌಂಡಿನ, ಅಂದರೆ ಸುಮಾರು 1,800 ಕಿಲೋ ತೂಕದ ಬಾಂಬಿಗೆ ಪತ್ರಿಕೆಗಳು ಕೊಟ್ಟ ಬಿರುದು. ಹೊರಕವಚ ಬಹಳ ತೆಳು. ತೂಕದಲ್ಲಿ ಹೆಚ್ಚುಕಮ್ಮಿ ಮುಕ್ಕಾಲು ಪಾಲು ಬರೀ ಸ್ಫೋಟಕ. ಕವಚ ತೆಳುವಾದ್ದರಿಂದ ಆಳಕ್ಕೆ ಇಳಿಯುತ್ತಿರಲಿಲ್ಲ. ಮೇಲ್ಮೈಯಲ್ಲೇ ಸಿಡಿದು, ಗಾಳಿಯ ಒತ್ತಡಕ್ಕೆ ಹೆಂಚು, ಕಿಟಕಿ, ಬಾಗಿಲು ಹಾರಿಸುವುದಷ್ಟೇ ಅದರ ಕೆಲಸ. ಮನೆಗಳಿಗೆ ಬೆಂಕಿ ಹಚ್ಚಲು ಹಿಂದಿನಿಂದ ಬೇರೆ ಸಣ್ಣ ಬಾಂಬುಗಳು ಬರಬೇಕಿತ್ತು. ತೆಳು ಕವಚ, ತುಂಬಾ ಸದ್ದು, ಆಳಕ್ಕಿಳಿಯುವುದಿಲ್ಲ: ಇದು ಶಸ್ತ್ರಾಸ್ತ್ರದ ವಿವರಣೆಯೋ ಭಾನುವಾರದ ಸಿನಿಮಾ ವಿಮರ್ಶೆಯೋ ಎಂದು ಅನುಮಾನ ಬಂದರೆ ತಪ್ಪು ಓದುಗರದ್ದಲ್ಲ. 1943ರಲ್ಲಿ, ಊರುಗಳು ಇನ್ನೂ ಉರಿಯುತ್ತಿರುವಾಗಲೇ, ಹಾಲಿವುಡ್ಡಿನ ಜಾಹೀರಾತಿನವರು ಈ ಪದವನ್ನು ಎತ್ತಿಕೊಂಡರು. ವಿಚಿತ್ರವೆಂದರೆ ಅದೇ ಅಮೆರಿಕದಲ್ಲಿ ಸಿನಿಮಾ ‘ಬಾಂಬ್’ ಆಯಿತು ಎಂದರೆ ತೋಪಾಯಿತು ಎಂದರ್ಥ. ಊರು ಹಾಳುಮಾಡುವ ಬಾಂಬಾದರೆ ಗೆಲುವು, ಬರೀ ಬಾಂಬಾದರೆ ಸೋಲು. ನಮ್ಮವರು ಆ ಸೂಕ್ಷ್ಮಕ್ಕೆಲ್ಲ ಹೋಗದೆ ಎಲ್ಲ ಬಾಂಬುಗಳನ್ನೂ ಒಂದೇ ಪೋಸ್ಟರ್‌ನಲ್ಲಿ ಹಾಕುತ್ತಾರೆ.

ಇರಲಿ, ತಯಾರಿಕೆಯ ಕಡೆ ಬರೋಣ. ಹಿಟ್ಟಿನ ಕೆಲಸ ಟ್ರೇಲರ್‌ನಿಂದ ಶುರು. ‘24 ಗಂಟೆಯಲ್ಲಿ ಕೋಟಿ ವೀಕ್ಷಣೆ’ ಎಂದು ಹಾಕಿಸಿಕೊಳ್ಳಲು ಜನ ಹುಡುಕಿ ನೋಡಬೇಕೆಂದೇನಿಲ್ಲ. ಟ್ರೇಲರನ್ನು ಯೂಟ್ಯೂಬಿಗೆ ಜಾಹೀರಾತಾಗಿ ಕೊಡಿ. ಯಾರೋ ಅಡುಗೆ ವಿಡಿಯೋ ನೋಡಲು ಹೋದಾಗ ನಡುವೆ ತೂರಿಕೊಳ್ಳುತ್ತದೆ. ಕೈ ಹಿಟ್ಟಾಗಿರುವುದರಿಂದ ‘ಸ್ಕಿಪ್’ ಒತ್ತಲಾಗದೆ ಅವರು 30 ಸೆಕೆಂಡ್ ಸುಮ್ಮನಿದ್ದರೆ ಒಂದು ವೀಕ್ಷಣೆ ಜಮಾ. ಈ ಆಟ ಅತಿಯಾಗಿಯೇ 2019ರ ಸೆಪ್ಟೆಂಬರ್‌ನಲ್ಲಿ ಯೂಟ್ಯೂಬ್ ತನ್ನ ಸಂಗೀತ ಪಟ್ಟಿಗಳಿಂದಲೂ 24 ಗಂಟೆಯ ದಾಖಲೆಗಳಿಂದಲೂ ದುಡ್ಡು ಕೊಟ್ಟ ವೀಕ್ಷಣೆಗಳನ್ನು ಹೊರಗಿಟ್ಟಿತು. 2025ರಲ್ಲಿ ಟ್ರೆಂಡಿಂಗ್ ಪುಟವನ್ನೇ ಮುಚ್ಚಿತು. ಪಾಪ, ‘ಟ್ರೆಂಡಿಂಗ್ ನಂ. 1’ ಎಂಬ ಸ್ಟಿಕ್ಕರ್ ಡಿಸೈನ್ ಮಾಡಿಟ್ಟುಕೊಂಡವರ ಗತಿ! ಇದಕ್ಕೂ ಹಿಂದೆ ವೆಬ್‌ಸೈಟುಗಳ ಕಾಲದಲ್ಲಿ ಹಿಟ್ ಇನ್ನೂ ಅಗ್ಗವಾಗಿತ್ತು. ಒಂದು ಪುಟದಲ್ಲಿ 20 ಚಿತ್ರಗಳಿದ್ದರೆ, ಒಬ್ಬನೇ ಒಬ್ಬ ಒಂದೇ ಸಲ ತೆರೆದರೂ ಸರ್ವರ್ 21 ಹಿಟ್ ಎಂದು ಬರೆದುಕೊಳ್ಳುತ್ತಿತ್ತು. ಸಿನಿಮಾ ಥಿಯೇಟರಿಗೆ ಇಂಥದ್ದೊಂದು ಯಂತ್ರ ಯಾರೂ ಕಂಡುಹಿಡಿಯದಿರುವುದು ಉದ್ಯಮಕ್ಕೆ ದೊಡ್ಡ ನಷ್ಟ.

ಆಮೇಲೆ ಗ್ರಾಸ್, ಅಂದರೆ ತೆರಿಗೆಯೂ ಸೇರಿ ಟಿಕೆಟ್ಟಿನಿಂದ ಬಂದ ಒಟ್ಟು ಹಣ. ಪೋಸ್ಟರ್‌ನಲ್ಲಿ ಎಷ್ಟೇ ಕೋಟಿ ಇರಲಿ, ಅದು ಗ್ರಾಸ್ ಎಂಬುದನ್ನು ಮರೆಯಬಾರದು. ಮರೆಯಲಿ ಎಂದೇ ಆ ಪದವನ್ನು ಇರುವೆ ಗಾತ್ರದಲ್ಲಿ ಅಚ್ಚು ಹಾಕಿರುತ್ತಾರೆ. ಲೆಕ್ಕ ಮಾಡೋಣ. ಟಿಕೆಟ್ಟಿಗೆ ತೆರಿಗೆ ಬಿಟ್ಟು 200 ರೂಪಾಯಿ ಎಂದಿಟ್ಟುಕೊಳ್ಳಿ. (2025ರ ಸೆಪ್ಟೆಂಬರ್‌ನಲ್ಲಿ ರಾಜ್ಯ ಸರ್ಕಾರ ಇದಕ್ಕಿಂತ ಹೆಚ್ಚು ಕೀಳಬಾರದೆಂದು ನಿಯಮ ತಂದಿತು, ಅದೇ ತಿಂಗಳು ಹೈಕೋರ್ಟ್ ತಡೆ ಕೊಟ್ಟಿತು; ಪ್ರೇಕ್ಷಕನಿಗೆ ಸಿಕ್ಕ ರಿಯಾಯಿತಿ ಸುದ್ದಿಯಲ್ಲೇ ಮುಗಿಯಿತು.) 100 ರೂಪಾಯಿ ಮೀರಿದ ಟಿಕೆಟ್ಟಿಗೆ ಜಿಎಸ್‌ಟಿ 18 ಪರ್ಸೆಂಟ್, ಅಂದರೆ 36. ಪ್ರೇಕ್ಷಕನ ಜೇಬಿನಿಂದ 236 ಹೋಯಿತು. ಮಲ್ಟಿಪ್ಲೆಕ್ಸಿನವರು ಮೊದಲ ವಾರ ಸಾಮಾನ್ಯವಾಗಿ ಅರ್ಧ ಇಟ್ಟುಕೊಳ್ಳುತ್ತಾರೆ: 100 ಹೋಯಿತು. ಉಳಿದ ನೂರರಲ್ಲಿ (ಉದ್ಯಮದ ಭಾಷೆಯಲ್ಲಿ ಇದೇ ‘ಶೇರ್’) ವಿತರಕರ ಕಮಿಷನ್ 10 ಪರ್ಸೆಂಟ್ ಎಂದರೂ ನಿರ್ಮಾಪಕನ ಕೈಗೆ 90. ಎರಡನೇ ವಾರದಿಂದ ಅವನ ಪಾಲು ಇನ್ನೂ ಇಳಿಯುತ್ತದೆ. ಹೀಗೆ ‘100 ಕೋಟಿ’ ಎಂಬ ಪೋಸ್ಟರ್ ಮೊದಲ ವಾರದ ಧಾರಾಳ ಲೆಕ್ಕದಲ್ಲೂ 38 ಕೋಟಿ. ಅದರಲ್ಲಿ ಪ್ರಚಾರದ ಖರ್ಚು, ಡಿಜಿಟಲ್ ಪ್ರದರ್ಶನದ ಶುಲ್ಕ, ಫೈನಾನ್ಶಿಯರ್ ಬಡ್ಡಿ ಕಳೆಯಿರಿ. ಚಿತ್ರಕ್ಕೆ 60 ಕೋಟಿ ಸುರಿದಿದ್ದರೆ, ಅದು ನೂರು ಕೋಟಿ ಕ್ಲಬ್ಬಿಗೆ ಸೇರಿದ ನಷ್ಟ. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಎಂದು ಹಿರಿಯರು ಹೇಳಿದ್ದು ಗಾಂಧಿನಗರ ಹುಟ್ಟುವ ಮುಂಚೆಯೇ ಇರಬೇಕು.

ಕೆಲವು ಧೀರರು ಇಲ್ಲಿಗೂ ನಿಲ್ಲುವುದಿಲ್ಲ. ಟಿಕೆಟ್ಟುಗಳನ್ನು ತಾವೇ ಕೊಂಡು ಬುಕಿಂಗ್ ಆ್ಯಪಿನಲ್ಲಿ ಸೀಟುಗಳ ಬಣ್ಣ ಬದಲಿಸುತ್ತಾರೆ. 200 ಸೀಟಿನ ಒಂದು ಆಟವನ್ನು ಪೂರ್ತಿ ಕೊಂಡರೆ ಖರ್ಚು 47,200. ಮೇಲಿನ ಲೆಕ್ಕದಲ್ಲೇ ವಾಪಸ್ ಬರುವುದು 18,000, ಅದೂ ತಿಂಗಳುಗಟ್ಟಲೆ ಕಾದ ಮೇಲೆ. ಒಂದು ಹೌಸ್‌ಫುಲ್ ಬೋರ್ಡಿನ ಬೆಲೆ 29,200 ರೂಪಾಯಿ. ಹೆಚ್ಚಿನವರು ಎಡವುವುದು ಇನ್ನೊಂದು ಕಡೆ: ಆ್ಯಪಿನಲ್ಲಿ ಸೀಟು ಭರ್ತಿ, ಒಳಗೆ ಐದು ಜನ. ಟಿಕೆಟ್ ಇಲ್ಲವೆಂದು ನಿಜವಾದ ಪ್ರೇಕ್ಷಕ ಪಕ್ಕದ ಸ್ಕ್ರೀನಿನ ತೆಲುಗು ಚಿತ್ರಕ್ಕೆ ಹೋಗುತ್ತಾನೆ. ಖಾಲಿ ಸೀಟು ಪಾಪ್‌ಕಾರ್ನ್ ತಿನ್ನದ ಕಾರಣ ಥಿಯೇಟರಿನ ಮ್ಯಾನೇಜರಿಗೂ ಸಿಟ್ಟು. ಸೋಮವಾರ ಅವನು ಆ ಹೌಸ್‌ಫುಲ್ ಚಿತ್ರದ ಆಟಗಳನ್ನು ನಾಲ್ಕರಿಂದ ಒಂದಕ್ಕೆ ಇಳಿಸುತ್ತಾನೆ.

ಶತದಿನೋತ್ಸವದ ಹಳೆಯ ಗೀಳಿಗೆ ಒಂದು ಕಾಲದಲ್ಲಿ ಅರ್ಥವಿತ್ತು. ಆಗ ಪ್ರಿಂಟುಗಳು ಕಡಿಮೆ, ಚಿತ್ರ ಬೆಂಗಳೂರಿನಲ್ಲಿ ಓಡಿ, ಜಿಲ್ಲಾ ಕೇಂದ್ರಕ್ಕೆ ಹೋಗಿ, ಕೊನೆಗೆ ಟೂರಿಂಗ್ ಟಾಕೀಸಿಗೆ ಬರುವಷ್ಟರಲ್ಲಿ ವರ್ಷ ಕಳೆಯುತ್ತಿತ್ತು. 1972ರ ‘ಬಂಗಾರದ ಮನುಷ್ಯ’ ಬೆಂಗಳೂರಿನ ಸ್ಟೇಟ್ಸ್ ಚಿತ್ರಮಂದಿರದಲ್ಲಿ ಎರಡು ವರ್ಷ ಓಡಿದ್ದು ಆ ಕಾಲದ ಮಾತು. ಈಗ ಒಂದೇ ಶುಕ್ರವಾರ ನೂರಾರು ಪರದೆ. ನೋಡುವವರೆಲ್ಲ ಎರಡು ವಾರದಲ್ಲಿ ನೋಡಿ ಮುಗಿಸುತ್ತಾರೆ. ಆದರೂ ನೂರು ದಿನ ಬೇಕೇ ಬೇಕು. ಅದಕ್ಕೆ ವಾರದ ಬಾಡಿಗೆಗೆ ಸಿಗುವ ಒಂದು ಥಿಯೇಟರ್ ಸಾಕು. ದಿನಕ್ಕೊಂದೇ ಆಟವಾದರೂ ದಿನ ಒಂದೇ ತಾನೆ. ಕಲೆಕ್ಷನ್ ಬಾಡಿಗೆಗಿಂತ ಕಡಿಮೆ ಬಂದಷ್ಟನ್ನು ನಿರ್ಮಾಪಕ ಕೈಯಿಂದ ತುಂಬುತ್ತಾನೆ. ನೂರನೇ ದಿನ ಶೀಲ್ಡ್ ಹಂಚಿಕೆ. ಶೀಲ್ಡ್ ಪಡೆದ ಲೈಟ್ ಬಾಯ್‌ಗಳು ವೇದಿಕೆಯಿಂದ ಇಳಿದವರೇ ಪ್ರೊಡಕ್ಷನ್ ಮ್ಯಾನೇಜರನ್ನು ಹುಡುಕುತ್ತಾರೆ, ಬಾಕಿ ಬೇಟಾ, ಅಂದರೆ ದಿನಭತ್ಯೆ ಕೇಳಲು. ಇಲ್ಲಿ ಮಾತ್ರ ನಾರ್ಸ್ ಅರ್ಥದಲ್ಲೂ ಹಿಟ್ ಆಗುವುದಿಲ್ಲ, ಮ್ಯಾನೇಜರ್ ಸಿಗುವುದಿಲ್ಲ.

ಸಕ್ಸಸ್ ಮೀಟ್‌ನಲ್ಲಿ ಒಬ್ಬ ಹೊಸ ವರದಿಗಾರ ತಿಳಿಯದೆ ನಿರ್ಮಾಪಕನನ್ನು ಕೇಳಿಬಿಡುತ್ತಾನೆ: ‘ಸರ್, ಶೇರ್ ಎಷ್ಟು ಬಂತು?’

‘ನೋಡಿ ಬ್ರದರ್, ಜನರ ಪ್ರೀತಿಗೆ ಲೆಕ್ಕ ಇಡೋಕಾಗುತ್ತಾ?’

‘ಜಿಎಸ್‌ಟಿಯವರು ಕೇಳಿದ್ರೆ ಸರ್?’

‘ಅವ್ರು ಬಂದಾಗ ಪಿಕ್ಚರ್ ಫ್ಲಾಪ್ ಅಂತೀವಿ. ಊಟ ಮಾಡ್ಕೊಂಡು ಹೋಗಿ.’