ಮೂರು ಮಾತ್ರೆಯ ಬೆಕ್ಕು

ಮಳೆಗಾಲದಲ್ಲಿ ನಮ್ಮ ಶಿರಸಿ ಕಡೆ ಅಂಗಳಕ್ಕೆ ಇಳಿಯಲು ಆಗುವುದಿಲ್ಲ. ಹಾಗಾಗಿ ಜನ ಕವಿತೆ ಬರೆಯುತ್ತಾರೆ. ನಮ್ಮೂರಲ್ಲಿ ಪ್ರತಿ ಆಷಾಢಕ್ಕೆ ಒಂದು ಕವಿಗೋಷ್ಠಿ. ಈ ಸಲದ ವಿಷಯ ಚರಮಗೀತೆ. ಷರತ್ತು ಒಂದೇ, ಮನುಷ್ಯರ ಮೇಲೆ ಬರೆಯುವಂತಿಲ್ಲ. ಹಿಂದೊಮ್ಮೆ ಒಬ್ಬರು ಆಸ್ಪತ್ರೆ ಸೇರಿದ್ದ ಸೋದರಮಾವನ ಮೇಲೆ ಮುಂಗಡವಾಗಿ ಬರೆದಿಟ್ಟಿದ್ದರು. ಗೋಷ್ಠಿಯ ದಿನ ಮಾವ ಗುಣವಾಗಿ ಬಂದು ಮುಂದಿನ ಸಾಲಿನಲ್ಲೇ ಕೂತರು. ಎರಡನೇ ನುಡಿಗೆ ಚಪ್ಪಾಳೆ ಬೇರೆ ತಟ್ಟಿದರು.

ಸರಿ, ನಾನು ಯಾವುದಕ್ಕೆ ಅಳಲಿ? ಮೊದಲು ಕೊಡೆ ಹೊಳೆಯಿತು. ಆದರೆ ಜುಲೈ ತಿಂಗಳ ಶಿರಸಿಯಲ್ಲಿ ಕೊಡೆ ಸಾಯುವುದು ಸುದ್ದಿಯೇ ಅಲ್ಲ. ಹತ್ತು ಕವಿಗಳಲ್ಲಿ ಎಂಟು ಜನ ಕೊಡೆಯನ್ನೇ ಹಿಡಿದು ಬರುತ್ತಾರೆ. ಲ್ಯಾಂಡ್‌ಲೈನ್ ಫೋನು? ನಮ್ಮನೆಯದು ಯಾವತ್ತು ಸತ್ತಿತು ಅಂತಲೇ ಗೊತ್ತಿಲ್ಲ. ತಿಥಿ ಗೊತ್ತಿಲ್ಲದವರ ಬಗ್ಗೆ ಎಂತ ಬರೆಯುವುದು? ಬಚ್ಚಲ ಹಂಡೆಗೆ ಒಂದು ಸುತ್ತು ಹಾಕಿ ನೋಡಿದೆ. ಅದು ನನ್ನ ಚರಮಗೀತೆ ಕೇಳುವಷ್ಟು ಗಟ್ಟಿಯಾಗಿತ್ತು.

"ಎಂತ ಹುಡುಕ್ತಾ ಇದ್ಯೋ?" ಆಯಿ, ಅಂದರೆ ಅಮ್ಮ, ಒಳಗಿಂದ ಕೂಗಿದಳು.

"ಸತ್ತ ಸಾಮಾನು ಯಾವ್ದಾದ್ರೂ ಇದ್ದಾ ಅಂತ."

"ಅಟ್ಟದ ಮೇಲೆ ನೋಡು. ಬರೀ ಅದೇ ಇಪ್ಪುದು."

ಉಗ್ರಾಣದಲ್ಲಿ ಏಣಿ ಹಾಕಿ ಹತ್ತಿದೆ. ಅಲ್ಲಿ ಸಿಕ್ಕಿತು ಮೆಟ್ಟುಗತ್ತಿ! ಅಡಿಕೆ ಸುಲಿಯುವ ಯಂತ್ರ ಬಂದ ಮೇಲೆ ಅದಕ್ಕೆ ಕೆಲಸ ಇಲ್ಲ. ರಾತ್ರಿಯಿಡೀ ಅಡಿಕೆ ಸುಲಿಯುತ್ತಾ ಹೇಳುತ್ತಿದ್ದ ಕಥೆಗಳು, ಆ ಕಂದೀಲು, ನಡುರಾತ್ರಿಯ ಚಾ... ಕಣ್ಣಲ್ಲಿ ನೀರೇ ಬಂತು. ಆ ನೀರಿನಲ್ಲಿ ಕೊನೆಯ ಮೆಟ್ಟಿಲು ಕಾಣಲಿಲ್ಲ. ಕಾಲು ಹೋಗಿ ಮೂಲೆಯ ಭರಣಿಗೆ ಬಡಿಯಿತು.

ಅದು ಬರೀ ಭರಣಿಯಲ್ಲ. ಅದರಲ್ಲಿ ಮೂರು ವರ್ಷದ ಅಪ್ಪೆಮಿಡಿ ಮಾವಿನ ಉಪ್ಪಿನಕಾಯಿ ಇತ್ತು. ಭರಣಿ ಉರುಳಿ ಎರಡು ಹೋಳಾಯಿತು. ಕೆಂಪು ರಸ ಹರಿದು ಅಕ್ಕಿ ಚೀಲದ ಬುಡ ಸೇರಿತು. ಸಾಸಿವೆ, ಸೊನೆಯ ಪರಿಮಳ ಜಗಲಿಯವರೆಗೂ ಹಬ್ಬಿತು. ಒಂದು ಸಾವಿಗೆ ಇಷ್ಟು ಘಮಘಮ ನಾನು ಕಂಡಿಲ್ಲ.

ಆಯಿ ಬಂದು ಬಾಗಿಲಲ್ಲಿ ನಿಂತಳು. ಬೈಯಲಿಲ್ಲ, ಅದೇ ಭಯ. ನಿಧಾನಕ್ಕೆ ಶುರು ಮಾಡಿದಳು. ಇದು ಸುಮ್ನೆ ಮಾಳಂಜಿ ಜಾತಿಯ ಮಿಡಿ ಅಲ್ಲ, ಅನಂತಭಟ್ಟನ ಅಪ್ಪೆ. ಹೊಳೆದಂಡೆಯ ಮರದ್ದು. ನೆಲಕ್ಕೆ ಬಿದ್ದರೆ ಪೆಟ್ಟಾಗಿ ಕೊಳೆಯುತ್ತದೆ ಅಂತ ಬುಟ್ಟಿಯಲ್ಲಿ ಹಗ್ಗ ಕಟ್ಟಿ ಇಳಿಸಿದ್ದು. ತೊಟ್ಟು ಮುರಿದದ್ದನ್ನೆಲ್ಲ ಆರಿಸಿ ತೆಗೆದು, ಒಂದು ಪದರ ಮಿಡಿ, ಒಂದು ಪದರ ಹರಳುಪ್ಪು ಹಾಕಿದ್ದು. ಮಿಡಿ ಚಿರುಟಿದ ಮೇಲೆ ಉಪ್ಪುನೀರು ಬಸಿದು, ಕುದಿಸಿ, ಆರಿಸಿ, ಮೆಣಸು ಸಾಸಿವೆ ಬೀಸಿ ಕಲಸಿದ್ದು. ಮೂರು ವರ್ಷ ಒಂದು ಹಸಿ ಕೈ ತಾಗಿಸಲಿಲ್ಲ. "ಮೊಮ್ಮಗಳ ಮದುವೆಗೆ ಅಂತ ಇಟ್ಟಿದ್ದಿ," ಅಂದಳು. ಮೊಮ್ಮಗಳಿಗೆ ಈಗ ಒಂಬತ್ತು ವರ್ಷ.

ನಾನು ಗಡಿಬಿಡಿಯಲ್ಲಿ ಕ್ಯಾಲೆಂಡರಿನ ಹಿಂದೆ ಬರೆದುಕೊಳ್ಳುತ್ತಿದ್ದೆ. ಇಷ್ಟು ಒಳ್ಳೆಯ ಸಾಮಗ್ರಿ ಇನ್ನೆಲ್ಲಿ ಸಿಗುತ್ತದೆ? ಆಯಿ ನೋಡಿಬಿಟ್ಟಳು.

"ಹೆಣ ತೆಗಿಯದು ಬಿಟ್ಟು ಪದ್ಯ ಬರಿತಾ ಇದ್ಯಾ?"

ಮಾಪು ಹಿಡಿದು ನಿಂತೇ ನೆಲ ಒರೆಸಿದೆ ಅಂತ ಹೇಳಿಕೊಳ್ಳುವ ಹಾಗಿಲ್ಲ. ಬಟ್ಟೆ ಹಿಡಿದು ಬಗ್ಗಿಯೇ ಒರೆಸಿದೆ. ಕೈ ಎರಡು ದಿನ ಉರಿಯಿತು.

ಉರಿವ ಕೈಯಲ್ಲೇ ಬರೆದೆ, ಅದೂ ಭಾಮಿನಿ ಷಟ್ಪದಿಯಲ್ಲಿ. ಆಯಿಯ ಅಪ್ಪ ಯಕ್ಷಗಾನದ ಭಾಗವತರು, ಮೂರು-ನಾಲ್ಕು ಮೂರು-ನಾಲ್ಕು ಮಾತ್ರೆಯ ಆ ನಡೆ ನಮ್ಮನೆ ಗೋಡೆಗೂ ಗೊತ್ತು. ಮೊದಲ ಸಾಲು: "ಬೆಕ್ಕು ಹಾರಿತು ಭರಣಿ ಉರುಳಿತು".

ಗೋಷ್ಠಿಯಲ್ಲಿ ಒಬ್ಬರೂ ಅಳಲಿಲ್ಲ. ಇಬ್ಬರು ಬಾಯಲ್ಲಿ ನೀರೂರಿಸಿಕೊಂಡು ಮರ ಯಾವ ಹೊಳೆದಂಡೆಯದು ಅಂತ ವಿಚಾರಿಸಿದರು. ಕೊಡೆಯ ಮೇಲೆ ಬರೆದವರು, ನಾನು ಅಂದಾಜಿಸಿದ್ದಂತೆಯೇ, ಎಂಟು ಜನ.

ಮನೆಗೆ ಬಂದು ಆಯಿಗೂ ಓದಿ ತೋರಿಸಿದೆ. ಮೊದಲ ಸಾಲಿಗೇ ಕೈ ಎತ್ತಿ ತಡೆದಳು.

"ನಮ್ಮನೇಲಿ ಬೆಕ್ಕು ಎಲ್ಲಿದ್ದು?"

"ಛಂದಸ್ಸಿಗೆ ಬೇಕಾತು ಆಯೀ. ಮೊದಲು ಮೂರು ಮಾತ್ರೆ ಬರವು."

ಆಯಿ ಬೆರಳು ಮಡಿಸಿ ಎಣಿಸಿದಳು.

"'ನಾನು' ಅಂದ್ರೂ ಮೂರೇ ಅಲ್ದಾ?"